ಬೆಸುಗೆ ಬಿದ್ದ ಮೇಲೆ ಬದಲಿಲ್ಲ

ಕೋರ್ ಅಲ್ಟ್ರಾ 7 256ವಿ, ಕೋರ್ ಅಲ್ಟ್ರಾ 7 258ವಿ. ಬೆಲೆಪಟ್ಟಿಯಲ್ಲಿ ಒಂದರ ಕೆಳಗೊಂದು ಬರುವ ಈ ಎರಡು ಹೆಸರುಗಳಿಗೆ ಇರುವ ವ್ಯತ್ಯಾಸ ಕೊನೆಯ ಒಂದೇ ಅಂಕಿಯದು. ಎಂಟು ಆರಕ್ಕಿಂತ ದೊಡ್ಡದು, ಹಾಗಾಗಿ ಕೊಂಚ ವೇಗ ಹೆಚ್ಚಿರಬೇಕು ಎಂದುಕೊಂಡು ಹೆಚ್ಚಿನವರು ಮುಂದಿನ ಸಾಲಿಗೆ ಹೋಗುತ್ತಾರೆ. ಆದರೆ ಆ ಅಂಕಿ ಹೇಳುತ್ತಿರುವುದು ವೇಗವನ್ನಲ್ಲ, ರ‍್ಯಾಮನ್ನು. 256ವಿ ಎಂದರೆ 16 ಜಿಬಿ, 258ವಿ ಎಂದರೆ 32 ಜಿಬಿ. 2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಬಿಡುಗಡೆ ಮಾಡಿದ, ‘ಲೂನಾರ್ ಲೇಕ್’ ಎಂಬ ಒಳಹೆಸರಿನ ಈ ಸರಣಿಯಲ್ಲಿ ರ‍್ಯಾಮ್ ಪ್ರೊಸೆಸರ್‌ನ ಜೊತೆಗೇ ಒಂದೇ ಪ್ಯಾಕೇಜಿನಲ್ಲಿ ಕೂತು ಬರುತ್ತದೆ. ಆರ್ಡರ್ ಪುಟದಲ್ಲಿ ಯಾವುದಕ್ಕೆ ಟಿಕ್ ಹಾಕಿದರೋ ಆ ಲ್ಯಾಪ್‌ಟಾಪ್ ಬದುಕಿರುವವರೆಗೂ ಅಷ್ಟೇ ರ‍್ಯಾಮ್.

ತೆಳು ಬಿಸಿನೆಸ್ ಲ್ಯಾಪ್‌ಟಾಪ್ ಕೊಳ್ಳುವವರ ಪೇಚಾಟದ ಬೇರು ಇಲ್ಲೇ ಇರುವುದು. ದರ್ಜಿಗಳು ರವಿಕೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವ ಹಾಗೆ, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮಿಗೊಂದು ಸ್ಲಾಟ್ ಖಾಲಿ ಉಳಿದಿರುತ್ತಿತ್ತು. ಈಗ ಕಡಿಮೆ ಬೆಲೆಯದು ಕೊಂಡು, ಎರಡು ವರ್ಷ ಬಿಟ್ಟು ಅಂಗಡಿಗೆ ಹೋಗಿ ರ‍್ಯಾಮ್ ಏರಿಸಿಕೊಂಡರಾಯಿತು ಎಂಬ ಲೆಕ್ಕ ನಡೆಯುತ್ತಿತ್ತು. ದಪ್ಪ ಕರಗಿದ ಹಾಗೆ ಆ ಲೆಕ್ಕವೂ ಕರಗಿತು.

ಕರಗಿದ್ದು ಯಾವಾಗಿನಿಂದ ಎಂದರೆ 2008ರ ಜನವರಿಯಿಂದ ಎನ್ನಬಹುದು. ಸ್ಯಾನ್‌ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕಚೇರಿ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದಾಗ ಜಗತ್ತು ಲಕೋಟೆಯನ್ನೇ ನೋಡಿತು. ಒಳಗಿದ್ದ 2 ಜಿಬಿ ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿತ್ತು, ಯುಎಸ್‌ಬಿ ಕಿಂಡಿ ಇದ್ದದ್ದು ಒಂದೇ, ಈಥರ್ನೆಟ್ ಇರಲಿಲ್ಲ. ಬಿಸಿನೆಸ್ ಲ್ಯಾಪ್‌ಟಾಪ್‌ನ ಮಂದಿ ಮೊದಲು ಇದನ್ನು ಒಪ್ಪಲಿಲ್ಲ. ಐಬಿಎಂ 1992ರಲ್ಲಿ ಶುರು ಮಾಡಿದ್ದ ಥಿಂಕ್‌ಪ್ಯಾಡ್ 2005ರಲ್ಲಿ ಲೆನೊವೊ ಕೈಗೆ ಹೋಗಿತ್ತು. ಅದೇ 2008ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್300 ಹೆಚ್ಚು ಕಡಿಮೆ ಏರ್‌ನಷ್ಟೇ ತೂಕದಲ್ಲಿ ಮೂರು ಯುಎಸ್‌ಬಿ, ಈಥರ್ನೆಟ್, ಸಾಲದ್ದಕ್ಕೆ ಡಿವಿಡಿ ಡ್ರೈವನ್ನೂ ತುಂಬಿಕೊಂಡು ಬಂತು. ಹಟ ನಾಲ್ಕೇ ವರ್ಷ ನಡೆಯಿತು. 2012ರ ಮೊದಲ ಎಕ್ಸ್1 ಕಾರ್ಬನ್‌ನಲ್ಲಿ ಡಿವಿಡಿ ಇಲ್ಲ, ರ‍್ಯಾಮ್ ಬೆಸುಗೆ. ತೂಕ 1.36 ಕಿಲೋ, ಅಂದರೆ ಲಕೋಟೆಯಿಂದ ಬಂದ ಆ ಏರ್‌ನಷ್ಟೇ. 2019ರಲ್ಲಿ ಎಚ್‌ಪಿಯ ಎಲೀಟ್ ಡ್ರ್ಯಾಗನ್‌ಫ್ಲೈ ಒಂದು ಕಿಲೋದ ಗೆರೆಯನ್ನೂ ದಾಟಿ ಕೆಳಗಿಳಿಯಿತು. ಈಚಿನ ಎಕ್ಸ್1 ಕಾರ್ಬನ್ ಕೂಡ ಅಷ್ಟರಲ್ಲೇ ಇದೆ.

ಬೆಸುಗೆಯನ್ನು ಬರೀ ಕಂಪನಿಗಳ ಲಾಭದಾಸೆ ಎಂದು ಬೈದುಬಿಡುವುದು ಸುಲಭ. ಅರ್ಧ ನಿಜ. ಉಳಿದರ್ಧ ವಿದ್ಯುತ್ತಿನ ಲೆಕ್ಕ. ಮೊಬೈಲ್‌ಗಳಿಗೆಂದು ಹುಟ್ಟಿದ ಎಲ್‌ಪಿಡಿಡಿಆರ್ ಎಂಬ ರ‍್ಯಾಮ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗವಾಗಿ ಓಡುತ್ತದೆ, ಆದರೆ ಪ್ರೊಸೆಸರ್‌ಗೂ ಅದಕ್ಕೂ ನಡುವಿನ ದಾರಿ ತೀರ ಚಿಕ್ಕದಿರಬೇಕು. ಸ್ಲಾಟಿನಲ್ಲಿ ಸಿಕ್ಕಿಸುವ ಮಾಮೂಲಿ ಪಟ್ಟಿಯಲ್ಲಿ ಅದು ಕೂರುವುದಿಲ್ಲ. ಬ್ಯಾಟರಿ ದಿನವಿಡೀ ಬರುವುದರ ಹಿಂದೆ ಈ ಬೆಸುಗೆಯ ಪಾಲೂ ಇದೆ. ಸ್ಕ್ರೂ ತೆಗೆದು ಬದಲಿಸಬಹುದಾದ ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆ 2024ರಲ್ಲಿ ಥಿಂಕ್‌ಪ್ಯಾಡ್ ಪಿ1ರಲ್ಲಿ ಬಂತು ನಿಜ, ಆದರೆ ಅದು ಭಾರದ, ದುಬಾರಿ ವರ್ಗದ ಯಂತ್ರ.

ಹೀಗಿರುವಾಗ ಕೊಳ್ಳುವವರು ಬೆಲೆಪಟ್ಟಿಯನ್ನು ಕಂಪನಿ ಬರೆದ ಕ್ರಮದಲ್ಲಿ ಓದಬಾರದು. ಅಲ್ಲಿ ಮೊದಲ ಸಾಲು ಪ್ರೊಸೆಸರ್, ಎರಡನೆಯದು ವಿಂಡೋಸ್. ಮೊದಲು ತೀರ್ಮಾನವಾಗಬೇಕಾದದ್ದು ಆಮೇಲೆ ಬದಲಿಸಲಾಗದ ಸಂಗತಿಗಳು: ರ‍್ಯಾಮ್, ಪರದೆ, ಕೀಲಿಮಣೆ, ಕಿಂಡಿಗಳು. ಎಸ್‌ಎಸ್‌ಡಿ, ವಿಂಡೋಸ್ ಆವೃತ್ತಿ, ಚೀಲ, ಮೌಸು ಇವೆಲ್ಲ ನಾಳೆಯೂ ಸಿಗುತ್ತವೆ.

ದೊಡ್ಡ ಅಂಕಿಯ ಮೋಹ

ಅಂಗಡಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಐ5 ಕೊಡ್ಲಾ, ಐ7 ಕೊಡ್ಲಾ ಸಾರ್?’ ಇಂಟೆಲ್ ‘ಐ’ ಅಕ್ಷರವನ್ನೇ ಕೈಬಿಟ್ಟು ‘ಕೋರ್ ಅಲ್ಟ್ರಾ’ ಎಂದು ಕರೆಯಲು ಶುರುಮಾಡಿದರೂ ಕೌಂಟರಿನ ಭಾಷೆ ಬದಲಾಗಿಲ್ಲ. ಏಳು ಐದಕ್ಕಿಂತ ಮೇಲು ಎಂಬ ನಂಬಿಕೆಯೂ ಬದಲಾಗಿಲ್ಲ. ದಪ್ಪ ಡಬ್ಬಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ಸರಿ. ತೆಳು ಡಬ್ಬಿಯಲ್ಲಿ ಶಾಖ ಹೊರಹೋಗಲು ಜಾಗವಿಲ್ಲ. ಕಾದ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹತ್ತು ನಿಮಿಷದ ಜೋರು ಕೆಲಸದ ಮೇಲೆ ದುಬಾರಿ ಚಿಪ್ಪೂ ಅಗ್ಗದ ಚಿಪ್ಪೂ ಹತ್ತಿರ ಹತ್ತಿರವೇ ಓಡುತ್ತಿರುತ್ತವೆ.

ಲೂನಾರ್ ಲೇಕ್ ಸರಣಿಯಲ್ಲಂತೂ ಕೋರ್ ಅಲ್ಟ್ರಾ 5 ಆಗಲಿ 7 ಆಗಲಿ ಕೋರ್‌ಗಳು ಎಂಟೇ. ಗರಿಷ್ಠ ವೇಗ, ಕ್ಯಾಶ್, ಗ್ರಾಫಿಕ್ಸ್‌ಗಳಲ್ಲಿ ಸಣ್ಣ ಏರುಪೇರು, ಅಷ್ಟೆ. ಹಾಗಾಗಿ ಬೆಲೆ ಒಂದೇ ಸುಮಾರಿಗಿದ್ದರೆ 32 ಜಿಬಿ ಇರುವ ಅಲ್ಟ್ರಾ 5 228ವಿ, 16 ಜಿಬಿಯ ಅಲ್ಟ್ರಾ 7 256ವಿಗಿಂತ ಒಳ್ಳೆಯ ಕೊಳ್ಳುವಿಕೆ. ಮೀಟಿಂಗ್ ಕರೆ ನಡೆಯುತ್ತಿದೆ, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿವೆ, ಎಕ್ಸೆಲ್ ಹಾಳೆ ಉಬ್ಬಿದೆ, ಹಿಂದೆ ಟ್ಯಾಲಿ ಇದೆ. ಇಂಥ ಕಚೇರಿಯ ಮಧ್ಯಾಹ್ನದಲ್ಲಿ ಯಂತ್ರ ತೆವಳುವುದು ರ‍್ಯಾಮ್ ತುಂಬಿದಾಗ. ಜೊತೆಗೆ ಈ ಯಂತ್ರಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲ. ಪರದೆಗೆ ಬೇಕಾದ ನೆನಪೂ ಇದೇ ರ‍್ಯಾಮಿನಿಂದಲೇ ಹೋಗಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್ ಬೆಲೆ ಎಲ್ಲೆಡೆ ಏರಿದೆ. ಕೊಳ್ಳುವವರ ಕೈ 16ರ ಕಡೆಗೆ ಜಾರುವುದು ಸಹಜವೇ. ಮೂರು ವರ್ಷಕ್ಕೆ ಕೊಳ್ಳುವವರಿಗೆ 16 ಸಾಕು. ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಬೇರೆ ಎಲ್ಲಿ ಬೇಕಾದರೂ ಉಳಿಸಬಹುದು, ಇಲ್ಲಿ ಬೇಡ.

ಹೆಸರುಗಳ ಗೊಂದಲ ಇಂಟೆಲ್‌ನ ಸ್ವತ್ತಲ್ಲ. ಎಎಂಡಿಯ ರೈಜನ್ 7 7730ಯು ಮತ್ತು 7840ಯು ಎರಡೂ ಒಂದೇ 7000 ಸರಣಿಯ ಹೊಸ ಚಿಪ್‌ಗಳಂತೆ ಕಾಣುತ್ತವೆ. ಮೂರನೆಯ ಅಂಕಿ ನೋಡಿದರೆ ಗುಟ್ಟು ಬಯಲು. 3 ಎಂದರೆ ಝೆನ್ 3, ಹಳೆಯ ವಿನ್ಯಾಸ. 4 ಎಂದರೆ ಝೆನ್ 4. ಹಾಗೆಯೇ ಇಂಟೆಲ್‌ನ ಕೋರ್ 7 150ಯು ಹೆಸರಿನಲ್ಲಿ ‘ಅಲ್ಟ್ರಾ’ ಇಲ್ಲ. ಅದು ಹಿಂದಿನ ತಲೆಮಾರಿನ ಚಿಪ್‌ಗೆ ಹೊಸ ಅಂಗಿ ತೊಡಿಸಿದ್ದು. ಹಳೆಯ ಚಿಪ್ ಕೆಟ್ಟದ್ದೆಂದಲ್ಲ, ಹೊಸದರ ಬೆಲೆಗೆ ಬಾರದಿದ್ದರೆ ಆಯಿತು.

ಇನ್ನು ಎಐ. ಪೆಟ್ಟಿಗೆಯ ಮೇಲೆ ‘ಎಐ ಪಿಸಿ’ ಎಂಬ ಸ್ಟಿಕರ್ ಇಲ್ಲದ ಲ್ಯಾಪ್‌ಟಾಪ್ ಸಿಗುವುದೇ ಕಷ್ಟವಾಗಿದೆ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಹೇಳಿದ ‘ಕೋಪೈಲಟ್ ಪ್ಲಸ್’ ದರ್ಜೆಗೆ ಸೆಕೆಂಡಿಗೆ ಕನಿಷ್ಠ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು ಎಂಬ ಎಐ ಭಾಗ, 16 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹ ಬೇಕು. ಕೋರ್ ಅಲ್ಟ್ರಾದ ಮೊದಲ ತಲೆಮಾರಿನ 155ಎಚ್‌ನಂಥ ಚಿಪ್‌ಗಳು ಆ 40ರ ಕಾಲುಭಾಗದ ಸುಮಾರಿಗೆ ನಿಲ್ಲುತ್ತವೆ. ತಮಾಷೆಯೆಂದರೆ ಕೋರ್ ಅಲ್ಟ್ರಾ 7 255ಯು ಕೂಡ ಈ ದರ್ಜೆಗೆ ಬರುವುದಿಲ್ಲ, ಅದರ ಪಕ್ಕದ 256ವಿ ಬರುತ್ತದೆ. ಇಷ್ಟೆಲ್ಲ ಗೊತ್ತಾದ ಮೇಲೂ, ಕಚೇರಿ ಕೆಲಸದ ಎಐ ಬಹುಪಾಲು ನಡೆಯುವುದು ದೂರದ ಸರ್ವರ್‌ಗಳಲ್ಲಿ ಎಂಬುದನ್ನು ನೆನೆದರೆ ಸ್ಟಿಕರ್‌ಗಾಗಿ ಹೆಚ್ಚು ಹಣ ಸುರಿಯುವ ಅಗತ್ಯ ಕಾಣದು.

ಹುಬ್ಬಳ್ಳಿಯ ಸಿಎ ಕಚೇರಿ

ಹುಬ್ಬಳ್ಳಿಯಲ್ಲೊಂದು ಸಣ್ಣ ಸಿಎ ಕಚೇರಿ ಇದೆ ಎಂದುಕೊಳ್ಳೋಣ. ಮೇಜಿನ ಡ್ರಾಯರ್‌ನಲ್ಲಿ ಕಕ್ಷಿದಾರರ ಡಿಎಸ್‌ಸಿ ಟೋಕನ್‌ಗಳ ಒಂದು ಡಬ್ಬಿ. ಪೆನ್‌ಡ್ರೈವ್‌ನಂಥ ಈ ಡಿಜಿಟಲ್ ಸಹಿಗಳಿಲ್ಲದೆ ಕಂಪನಿ ವ್ಯವಹಾರಗಳ ಇಲಾಖೆಯ ಫಾರಂ ಮುಂದೆ ಹೋಗದು. ಕಂಪನಿಗಳ ಜಿಎಸ್‌ಟಿ, ಆದಾಯ ತೆರಿಗೆ ಕೆಲಸಕ್ಕೂ ಅವು ಬೇಕೇ ಬೇಕು. ಅವುಗಳ ಮೂತಿ ಹಳೆಯ ಆಯತಾಕಾರದ ಯುಎಸ್‌ಬಿ-ಎ. ತೆಳುವಿನ ಭರದಲ್ಲಿ ಬರೀ ಎರಡು ಯುಎಸ್‌ಬಿ-ಸಿ ಕಿಂಡಿ ಬಿಟ್ಟ ಲ್ಯಾಪ್‌ಟಾಪ್ ತಂದರೆ ಪ್ರತಿ ಸಹಿಗೂ ಒಂದು ಡಾಂಗಲ್ ಹುಡುಕಬೇಕು, ಜುಲೈ ಕೊನೆಯ ವಾರದಲ್ಲಿ ಆ ಡಾಂಗಲ್ ಯಾರೋ ಆರ್ಟಿಕಲ್‌ಶಿಪ್ ಹುಡುಗನ ಚೀಲದಲ್ಲಿರುತ್ತದೆ. ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಮೇಲ್ಮೆ ಇಲ್ಲೇ ತಿಳಿಯುವುದು. ಒಂದು ಕಿಲೋದ ಎಕ್ಸ್1 ಕಾರ್ಬನ್ ಇವತ್ತಿಗೂ ಯುಎಸ್‌ಬಿ-ಎ, ಎಚ್‌ಡಿಎಂಐ ಕಿಂಡಿಗಳನ್ನು ಉಳಿಸಿಕೊಂಡಿದೆ. ಅದಕ್ಕಿಂತ ಕೊಂಚ ದಪ್ಪನೆಯ ಥಿಂಕ್‌ಪ್ಯಾಡ್ ಟಿ14ರಲ್ಲಿ ಈಥರ್ನೆಟ್ ಕಿಂಡಿಯೂ ಉಂಟು.

ಇದೇ ಕಚೇರಿಗೆ ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ಲ್ಯಾಪ್‌ಟಾಪ್ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ, ಬ್ಯಾಟರಿಯ ಬಗ್ಗೆ ಹೊಗಳಿಯೇ ಹೊಗಳುತ್ತಾರೆ. ಹೊಗಳಿಕೆ ನಿಜವೇ. ಆದರೆ ಅದು ಆರ್ಮ್ ಬಗೆಯ ಚಿಪ್. ಹಳೆಯ ತಂತ್ರಾಂಶಗಳನ್ನು ವಿಂಡೋಸ್ ಅನುಕರಣೆಯ ಮೂಲಕ ನಡೆಸಿಕೊಡುತ್ತದೆ, ಡ್ರೈವರ್‌ಗಳನ್ನು ಹಾಗೆ ನಡೆಸಲಾಗದು. ಟೋಕನ್, ಬಾರ್‌ಕೋಡ್ ಸ್ಕ್ಯಾನರ್, ಹತ್ತು ವರ್ಷದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇವುಗಳಲ್ಲಿ ತನ್ನದೇ ಡ್ರೈವರ್ ಬೇಡುವ ಪ್ರತಿಯೊಂದಕ್ಕೂ ಅದರ ತಯಾರಕರು ಆರ್ಮ್‌ಗೆಂದೇ ಡ್ರೈವರ್ ಬರೆದಿರಬೇಕು. ಕೊಳ್ಳುವ ಮೊದಲು ಡಬ್ಬಿಯಲ್ಲಿರುವ ಒಂದೆರಡು ಟೋಕನ್‌ಗಳನ್ನು ಅಂಗಡಿಗೇ ಒಯ್ದು ಸಿಕ್ಕಿಸಿ ನೋಡುವುದು ಎಲ್ಲ ವಿಮರ್ಶೆಗಳಿಗಿಂತ ಮೇಲು.

ಪರದೆಯ ವಿಷಯದಲ್ಲಿ ಬೆಲೆಪಟ್ಟಿ ಹೆಚ್ಚು ಮುಚ್ಚಿಡುತ್ತದೆ. ‘14 ಇಂಚು, 1920×1200, ಆಂಟಿ-ಗ್ಲೇರ್’ ಎಂಬ ಒಂದೇ ಸಾಲಿನಡಿ ಎರಡು ಬೇರೆ ಬೇರೆ ಪರದೆಗಳು ಇರಬಹುದು. ಸಾಲಿನ ಬಾಲದಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಸೊರಗಿದ ಅಗ್ಗದ ಪರದೆ, ಕೆಂಪು ಇಟ್ಟಿಗೆಯಂತೆ ಕಾಣುವಂಥದ್ದು. ‘100 ಪರ್ಸೆಂಟ್ ಎಸ್‌ಆರ್‌ಜಿಬಿ’ ಎಂದಿದ್ದರೆ ಸರಿಯಾದದ್ದು. ಹೊಳಪು 400 ನಿಟ್ಸ್ ಇದ್ದರೆ ಕಿಟಕಿಯ ಪಕ್ಕ ಕೂತೂ ಕೆಲಸ ಮಾಡಬಹುದು, 250ರದ್ದಾದರೆ ಪರದೆ ಎಳೆಯಬೇಕು, ಅಂದರೆ ಕಿಟಕಿಯ ಪರದೆ. ಓಎಲ್‌ಇಡಿ ನೋಡಲು ಸೊಗಸು, ಬಿಳಿ ಹಾಳೆಯಂಥ ಎಕ್ಸೆಲ್ ದಿನವಿಡೀ ತೆರೆದಿಟ್ಟರೆ ಬ್ಯಾಟರಿ ತಿನ್ನುತ್ತದೆ. ಪಕ್ಕದವರಿಗೆ ಕಾಣದಂತೆ ಮರೆಮಾಡುವ ಪ್ರೈವಸಿ ಪರದೆ ವಿಮಾನ, ರೈಲಿನಲ್ಲೇ ಅರ್ಧ ಕೆಲಸ ಮಾಡುವವರಿಗೆ ಬೇಕು. ಉಳಿದವರಿಗೆ ಅದು ಬರೀ ಮಬ್ಬು.

ಟಚ್ ಬೇಕೋ ಬೇಡವೋ ಎಂಬುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ತೂಕ, ಬೆಲೆ ಎರಡೂ ಏರುತ್ತವೆ. ಬೇಕೆಂದು ಗೊತ್ತಿದ್ದವರಿಗೆ ಮಾತ್ರ ಬೇಕು.

ಕೀಲಿಮಣೆ ಮುಟ್ಟಿಯೇ ನೋಡಬೇಕಾದದ್ದು. ಥಿಂಕ್‌ಪ್ಯಾಡ್ ಹೆಸರು ಮಾಡಿದ್ದೇ ಅದರಿಂದ, ಆದರೂ ಎಕ್ಸ್1 ಕಾರ್ಬನ್‌ನ ಕೀಲಿಗಳ ಆಳ ಒಂದೂವರೆ ಮಿಲಿಮೀಟರ್‌ಗೆ ಇಳಿದಿದೆ. 2014ರಲ್ಲಿ ಲೆನೊವೊ ಮೇಲಿನ ಸಾಲಿನ ಎಫ್1, ಎಫ್2 ಕೀಲಿಗಳನ್ನೇ ಕಿತ್ತು ಬೆಳಕಿನ ಪಟ್ಟಿ ಹಾಕಿತ್ತು. ಬಳಕೆದಾರರು ಬೈದ ಬೈಗುಳಕ್ಕೆ ಮುಂದಿನ ವರ್ಷವೇ ನಿಜವಾದ ಕೀಲಿಗಳು ಮರಳಿ ಬಂದವು. ಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಎಫ್‌ಎನ್ ಇಟ್ಟು ಮೂರು ದಶಕ ಜನರ ಬೆರಳು ತಪ್ಪಿಸಿದ್ದನ್ನು 2024ರ ಮಾದರಿಗಳಲ್ಲಿ ಕೊನೆಗೂ ತಿದ್ದಿದರು. ಕನ್ನಡದಲ್ಲಿ ಬರೆಯುವವರಿಗೆ ಬೇರೆ ಕೀಲಿಮಣೆಯೇನೂ ಬೇಡ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಮಾಮೂಲಿ ಇಂಗ್ಲಿಷ್ ಕೀಲಿಗಳ ಮೇಲೆಯೇ ಕೂರುತ್ತದೆ. ಗಮನಿಸಬೇಕಾದ್ದು ಕೀಲಿಗಳ ಹಿಂಬೆಳಕು. ಆರ್ಡರ್ ಪುಟದಲ್ಲಿ ಅದೂ ಒಂದು ಆಯ್ಕೆ, ಬೆರಳಚ್ಚು ಗುರುತಿಸುವ ಬಟನ್ನೂ ಹಾಗೆಯೇ. ಕಡಿಮೆ ಬೆಲೆಯ ಸಿದ್ಧ ಮಾದರಿಗಳಲ್ಲಿ ಇವೆರಡೂ ಸದ್ದಿಲ್ಲದೆ ಮಾಯವಾಗಿರುತ್ತವೆ. ಸಿಮ್ ಹಾಕುವ ಸೌಲಭ್ಯವೂ ಅದೇ ಜಾತಿಯದು. ಪರದೆಯ ಸುತ್ತ ಆಂಟೆನಾ ಕೂರಿಸದೆ ಕಾರ್ಖಾನೆಯಿಂದ ಹೊರಟ ಯಂತ್ರಕ್ಕೆ ಆಮೇಲೆ ಮಾಡೆಂ ಮಾತ್ರ ತಂದು ಹಾಕಿ ಪ್ರಯೋಜನವಿಲ್ಲ. ಫೋನಿನ ಹಾಟ್‌ಸ್ಪಾಟ್ ಸಾಕು ಎನ್ನುವವರು ಈ ಹಣ ಉಳಿಸಬಹುದು.

ಉಳಿತಾಯಕ್ಕೆ ನಿಜವಾದ ಜಾಗ ಎಸ್‌ಎಸ್‌ಡಿ. ರ‍್ಯಾಮ್ ಬೆಸುಗೆಯಾದ ಬಿಸಿನೆಸ್ ಯಂತ್ರಗಳಲ್ಲೂ ಇದು ಹೆಚ್ಚಾಗಿ ಒಂದೇ ಸ್ಕ್ರೂನಲ್ಲಿ ನಿಂತಿರುತ್ತದೆ. 512 ಜಿಬಿ ತೆಗೆದುಕೊಂಡು ಬೇಕೆನಿಸಿದಾಗ ಬದಲಿಸಬಹುದು. ಉದ್ದ 2280 ಅಳತೆಯದೋ ಗಿಡ್ಡ 2242 ಅಳತೆಯದೋ ಎಂದು ಮಾತ್ರ ನೋಡಿಕೊಂಡಿರಬೇಕು. ಅಷ್ಟೂ ಬಿಗಿ ಬೇಡ, ರ‍್ಯಾಮಿಗೂ ಸ್ಲಾಟ್ ಇರಲಿ ಎನ್ನುವವರು ಇನ್ನೂರು ಮುನ್ನೂರು ಗ್ರಾಂ ಹೆಚ್ಚು ಹೊರಲು ಸಿದ್ಧರಿದ್ದರೆ ದಾರಿ ಇದೆ. 2024ರ ಥಿಂಕ್‌ಪ್ಯಾಡ್ ಟಿ14 ರ‍್ಯಾಮಿಗೆ ಎರಡೂ ಸ್ಲಾಟ್ ಬಿಟ್ಟುಕೊಟ್ಟಿತು, ದುರಸ್ತಿ ಸುಲಭವೆಂದು ಐಫಿಕ್ಸಿಟ್ ಎಂಬ ದುರಸ್ತಿ ತಾಣದಿಂದ ಹತ್ತಕ್ಕೆ ಒಂಬತ್ತು ಅಂಕ ಪಡೆಯಿತು.

ಬಿಲ್ಲು, ವಾರಂಟಿ, ಪಿನ್‌ಕೋಡು

ಬಿಸಿನೆಸ್ ಲ್ಯಾಪ್‌ಟಾಪ್ ಡಾಸ್‌ನೊಂದಿಗೂ ಬರುತ್ತದೆ, ಅಂದರೆ ವಿಂಡೋಸ್ ಇಲ್ಲದೆ. ದೊಡ್ಡ ಕಂಪನಿಗಳಿಗೆ ಅವರದೇ ಲೈಸೆನ್ಸ್ ಇರುವುದರಿಂದ ಈ ಏರ್ಪಾಡು. ಸಣ್ಣ ಕಚೇರಿಯವರು ಅಗ್ಗವೆಂದು ಅದನ್ನು ತಂದು ‘ಯಾರೋ ಹಾಕಿಕೊಡುತ್ತಾರೆ’ ಎಂದು ಕೂತರೆ ಲೆಕ್ಕ ತಪ್ಪುತ್ತದೆ. ವಿಂಡೋಸ್ ಹೋಮ್ ಬದಲು ಪ್ರೊ ಬೇಕಾಗುವುದು ಮುಖ್ಯವಾಗಿ ಡಿಸ್ಕಿಗೆ ಬೀಗ ಹಾಕುವ ಪೂರ್ಣ ಬಿಟ್‌ಲಾಕರ್‌ಗಾಗಿ ಮತ್ತು ಕಚೇರಿಯ ಡೊಮೇನ್‌ಗೆ ಸೇರಿಸಲು. ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರಗಳನ್ನು ಹೊತ್ತು ತಿರುಗುವವರು ಬಿಟ್‌ಲಾಕರ್ ಇಲ್ಲದೆ ತಿರುಗಬಾರದು. ಇಂಟೆಲ್‌ನ ವಿಪ್ರೊ ಎಂಬ ಇನ್ನೊಂದು ಸ್ಟಿಕರ್ ನೂರಾರು ಯಂತ್ರಗಳನ್ನು ದೂರದಿಂದ ನಿಭಾಯಿಸುವ ಐಟಿ ವಿಭಾಗದವರಿಗೆ ಬೇಕಾದದ್ದು, ಒಂದೇ ಯಂತ್ರದ ಒಡೆಯನಿಗೆ ಅಲ್ಲ. ಅಂದಹಾಗೆ ಅದಕ್ಕೂ ಬೆಂಗಳೂರಿನ ವಿಪ್ರೊಗೂ ನಂಟಿಲ್ಲ.

ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್. 1,20,000 ರೂಪಾಯಿಯ ಯಂತ್ರಕ್ಕೆ ತೆರಿಗೆ 21,600. ನೋಂದಾಯಿತ ವ್ಯವಹಾರವಾದರೆ ಇದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಆದರೆ ಬಿಲ್ಲಿನ ಮೇಲೆ ಕೊಳ್ಳುವವರ ಜಿಎಸ್‌ಟಿಐಎನ್ ಇರಬೇಕು. ಆರ್ಡರ್ ಹಾಕುವಾಗಲೇ ಅದನ್ನು ತುಂಬದೆ ಆಮೇಲೆ ಬಿಲ್ ಬದಲಿಸಿಕೊಡಿ ಎಂದು ಓಡಾಡುವುದು ಎಲ್ಲ ಊರಿನಲ್ಲೂ ನಡೆಯುವ ಪಾಡು. ಕಂಪ್ಯೂಟರ್‌ಗೆ ಆದಾಯ ತೆರಿಗೆಯಲ್ಲಿ ಸವಕಳಿ 40 ಪರ್ಸೆಂಟ್. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧವಷ್ಟೇ. ಅಕ್ಟೋಬರ್‌ನ ಮೊದಲ ಮೂರ್ನಾಲ್ಕು ದಿನ ದಾಟಿದವೆಂದರೆ ಈ ಅರ್ಧದ ಲೆಕ್ಕ ಶುರು. ಆಯುಧಪೂಜೆಯ ಮುಂಚಿನ ರಿಯಾಯಿತಿ ಮಾರಾಟದಲ್ಲಿ ಕೊಂಡವರಿಗೆ ಕೆಲವು ವರ್ಷ ತೆರಿಗೆಯೂ ಕೂಡಿಬರುತ್ತದೆ. (ಕುಂಕುಮ ಇಡುವ ಜಾಗ ಮೇಲ್ಮುಚ್ಚಳ, ಕೀಲಿಮಣೆಯಲ್ಲ. ನೀರು ಚಿಮುಕಿಸುವುದಂತೂ ಬೇಡ.)

ವಾರಂಟಿಯಲ್ಲಿ ಮೂರು ವರ್ಷ ಎಂಬ ಅಂಕಿಗಿಂತ ‘ಆನ್‌ಸೈಟ್’ ಎಂಬ ಪದ ದೊಡ್ಡದು. ಇಂಜಿನಿಯರ್ ಕಚೇರಿಗೇ ಬರುವ ವಾರಂಟಿಗೂ ಯಂತ್ರವನ್ನು ಸೇವಾ ಕೇಂದ್ರಕ್ಕೆ ಹೊತ್ತೊಯ್ಯುವ ವಾರಂಟಿಗೂ ಒಂದು ವಾರದ ಕೆಲಸದಷ್ಟು ಅಂತರವಿದೆ. ಬೆಂಗಳೂರಿನಲ್ಲಿ ‘ಮರುದಿನ’ ಎಂದದ್ದು ಶಿರಸಿಗೂ ಮರುದಿನವೇ ಆಗಬೇಕೆಂದಿಲ್ಲ. ಹಣ ಕೊಡುವ ಮೊದಲು ಊರಿನ ಪಿನ್‌ಕೋಡ್ ಹೇಳಿ ಬರಹದಲ್ಲಿ ಉತ್ತರ ಪಡೆಯಬೇಕು. ಯಂತ್ರಕ್ಕೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷ. ಕಾಫಿ ಚೆಲ್ಲಿದರೆ, ಕೈಜಾರಿ ಬಿದ್ದರೆ ಮಾಮೂಲಿ ವಾರಂಟಿ ಮುಖ ತಿರುಗಿಸುತ್ತದೆ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆ ಬೇರೆ ಕೊಳ್ಳಬೇಕು. ‘ಮಿಲಿಟರಿ ಗುಣಮಟ್ಟ’ ಎಂಬ ಜಾಹೀರಾತನ್ನು ನಂಬಿ ಇದನ್ನು ಬಿಡುವವರಿದ್ದಾರೆ. ಎಂಐಎಲ್-ಎಸ್‌ಟಿಡಿ-810 ಎಂಬುದು ಅಮೆರಿಕದ ರಕ್ಷಣಾ ಇಲಾಖೆ ಬರೆದ ಪರೀಕ್ಷಾ ವಿಧಾನಗಳ ಪಟ್ಟಿ. ಅದರಲ್ಲಿ ಕೆಲವನ್ನು ಆರಿಸಿ ಪರೀಕ್ಷಿಸಿಕೊಳ್ಳುವುದು ಕಂಪನಿಯೇ, ಸೇನೆ ಯಾವ ಲ್ಯಾಪ್‌ಟಾಪಿಗೂ ಮುದ್ರೆ ಒತ್ತುವುದಿಲ್ಲ.

ಇಷ್ಟು ಬೆಲೆ ಕೈಗೆಟುಕದಿದ್ದವರು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಕಡೆ ಹೋಗುತ್ತಾರೆ. ಎಸ್.ಪಿ. ರೋಡ್ ಎಂದರೆ ಆಟೋದವರಿಗೂ ಗೊತ್ತು. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಅಲ್ಲಿ ಹೊಸದರ ಬೆಲೆಗೆ ಹೋಲಿಸಿದರೆ ಬಲು ಅಗ್ಗಕ್ಕೆ ಸಿಗುತ್ತವೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಿಂದಿನದನ್ನು, ಅಂದರೆ ವಿಂಡೋಸ್ 11 ಅಧಿಕೃತವಾಗಿ ಒಪ್ಪದ್ದನ್ನು, ಮುಟ್ಟಬಾರದು. ‘ಪವರ್‌ಸಿಎಫ್‌ಜಿ’ ಆದೇಶ ಕೊಟ್ಟು ಬ್ಯಾಟರಿ ವರದಿ ತೆಗೆದರೆ ಹುಟ್ಟಿದಾಗಿನ ಸಾಮರ್ಥ್ಯ, ಈಗ ಉಳಿದಿರುವುದು ಎರಡೂ ಒಂದೇ ಪುಟದಲ್ಲಿ ಕಾಣುತ್ತವೆ. ಆಮೇಲೆ ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿ ಬಯೋಸ್‌ಗೆ ಹೋಗಬೇಕು. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಹಿಂದಿನ ಕಂಪನಿಯ ಬೀಗ ಇನ್ನೂ ಬಿದ್ದಿದೆ ಎಂದರ್ಥ. ಅದು ಮರೆತುಹೋದರೆ ಮದರ್‌ಬೋರ್ಡ್ ಬದಲಿಸುವುದೇ ದಾರಿ ಎಂದು ಲೆನೊವೊ ಹೇಳುತ್ತದೆ. ಕೊನೆಗೆ ವಿಂಡೋಸ್ ರಿಸೆಟ್ ಮಾಡಿಸಿ, ಇಂಟರ್‌ನೆಟ್‌ಗೆ ಜೋಡಿಸಿ ಕಾಯಬೇಕು. ಯಾವುದೋ ಕಂಪನಿಯ ಲೋಗೊ ಬಂದು ಆಫೀಸ್ ಇಮೇಲ್ ಕೇಳಿತೆಂದರೆ ಯಂತ್ರ ಇನ್ನೂ ಅವರ ಪಟ್ಟಿಯಿಂದ ಬಿಡುಗಡೆಯಾಗಿಲ್ಲ. ಅಂಗಡಿಯವರು ‘ಅದೇನೂ ಆಗಲ್ಲ ಸಾರ್, ಸ್ಕಿಪ್ ಮಾಡ್ಕೊಡ್ತೀನಿ’ ಎಂದರೂ ಅದನ್ನು ಅಲ್ಲೇ ಇಟ್ಟು ಇನ್ನೊಂದು ತೋರಿಸಲು ಹೇಳುವುದು ಒಳ್ಳೆಯದು.